ದೆವ್ವಕ್ಕೂ ನೊಣಕ್ಕೂ ಒಂದೇ ಊಟ

ಮಕ್ಕಳೇ, ಕುರಿ ಸಾಕುವ ಸೀಮೆಗೆ ಹೋದಾಗ ಅಲ್ಲಿನ ಒಂದು ನೊಣವನ್ನು ಸರಿಯಾಗಿ ನೋಡಿ. ಮನೆನೊಣದ ಬೂದುಬಣ್ಣ ಅದಕ್ಕಿಲ್ಲ. ಬಿಸಿಲು ಬಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತದೆ, ನಡುವೆ ಹಸಿರು ಛಾಯೆ. ಹೆಸರು ಲುಸಿಲಿಯಾ ಕುಪ್ರಿನಾ. ಕುಪ್ರಿನಾ ಎಂದರೂ ತಾಮ್ರದ್ದು ಎಂದೇ ಅರ್ಥ. ಆಸ್ಟ್ರೇಲಿಯಾಕ್ಕೆ ಇದು ಹೊರಗಿನಿಂದ ಬಂದ ನೊಣ. ನಮ್ಮ ಭಾರತದಲ್ಲೂ ಇದೆ.

ಇದರ ಜೊತೆಗೆ ನಿಲ್ಲಿಸಿ ನೋಡಬೇಕಾದ ಪ್ರಾಣಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಟಾಸ್ಮೇನಿಯನ್ ಡೆವಿಲ್. ಸಣ್ಣ ನಾಯಿಯಷ್ಟು ಗಾತ್ರ, ಕಪ್ಪು ಮೈ, ಎದೆಯ ಮೇಲೆ ಬಿಳಿ ಪಟ್ಟಿ. ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸಿದರೂ ತಿನ್ನುವುದು ಮಾಂಸ. ಇರುಳಲ್ಲಿ ಇದರ ಕಿರುಚಾಟ ಕೇಳಿದ ಬಿಳಿಯರು ದೆವ್ವ ಎಂದು ಕರೆದರು. ಅಲ್ಲಿನ ಮೂಲನಿವಾಸಿಗಳ ಪಲವಾ ಕಾನಿ ಭಾಷೆಯಲ್ಲಿ ಇದು ಪುರಿನಿನಾ. ನನಗೆ ಆ ಹೆಸರೇ ಇಷ್ಟ.

ಸಣ್ಣ ಕಾಂಗರೂವಿನಂಥ ಒಂದು ವಾಲಬಿ ಸತ್ತು ಬಿದ್ದಿದೆ ಎನ್ನಿ. ಹಗಲಲ್ಲಿ ವಾಸನೆ ಹಿಡಿದು ನೊಣಗಳು ಬರುತ್ತವೆ. ಅವಕ್ಕೆ ಹಲ್ಲಿಲ್ಲ, ರಸ ಹೀರಿ, ನೂರಾರು ಮೊಟ್ಟೆ ಇಟ್ಟು ಹೋಗುತ್ತವೆ. ಸುಮಾರು ಒಂದು ದಿನದಲ್ಲಿ ಹುಳು ಹೊರಬರುತ್ತದೆ. ಹುಳುವಿಗೆ ಉಸಿರಾಡುವ ರಂಧ್ರ ಹಿಂಬದಿಯಲ್ಲಿ! ತಲೆಯನ್ನು ಮಾಂಸದಲ್ಲಿ ಹುದುಗಿಸಿಕೊಂಡೇ ಅದು ಬಿಡುವಿಲ್ಲದೆ ತಿನ್ನಬಲ್ಲದು. ಪುರಿನಿನಾ ಬರುವುದು ರಾತ್ರಿ. ಅದರ ದವಡೆಗೆ ಮೂಳೆಯೂ ಲೆಕ್ಕವಿಲ್ಲ. ಕೂದಲು, ಚರ್ಮ, ಎಲುಬು ಎಲ್ಲ ಒಳಗೆ.

ಪುರಿನಿನಾ ತಾಯಿ ಒಮ್ಮೆಗೆ 20ರಿಂದ 30 ಮರಿ ಹಾಕುತ್ತಾಳೆ, ಒಂದೊಂದೂ ಅಕ್ಕಿಕಾಳಿನಷ್ಟು. ಆದರೆ ಚೀಲದೊಳಗೆ ಇರುವುದು ನಾಲ್ಕೇ ಮೊಲೆ. ಬದುಕುವುದು ಹೆಚ್ಚೆಂದರೆ ನಾಲ್ಕು.

ಇನ್ನು ಆ ತಾಮ್ರಬಣ್ಣದ ನೊಣ ಬದುಕಿರುವ ಕುರಿಯ ಉಣ್ಣೆಯಲ್ಲೂ ಮೊಟ್ಟೆ ಇಡುತ್ತದೆ. ಹುಳುಗಳು ಕುರಿಯ ಚರ್ಮವನ್ನೇ ತಿನ್ನುತ್ತವೆ. ಹೆಣಗಳನ್ನು ಬೇಗ ಮುಗಿಸಿ ನೊಣಗಳ ಊಟ ಕಡಿಮೆ ಮಾಡುವ ಪುರಿನಿನಾ ಹಾಗಾಗಿ ಕುರಿಗಾರನ ಗೆಳೆಯ. ಒಂದು ಕಾಲಕ್ಕೆ ಅದನ್ನೇ ಶತ್ರುವೆಂದು ಕೊಂದರು. 1941ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. 1996ರಲ್ಲಿ ಇನ್ನೊಂದು ಕೇಡು ಕಾಣಿಸಿತು: ಒಂದನ್ನೊಂದು ಕಚ್ಚಿದಾಗ ಹರಡುವ ಮುಖದ ಕ್ಯಾನ್ಸರ್. ಪುರಿನಿನಾಗಳು ಕಡಿಮೆಯಾದ ಕಡೆಗಳಲ್ಲಿ ಸತ್ತ ಪ್ರಾಣಿಗಳು ಹೆಚ್ಚು ದಿನ ಹಾಗೇ ಬಿದ್ದಿರುತ್ತವೆ.

ರಸ್ತೆಯಲ್ಲಿ ಸತ್ತದ್ದನ್ನು ತಿನ್ನಲು ಬಂದ ಪುರಿನಿನಾಗಳೂ ಕಾರುಗಳಿಗೆ ಸಿಕ್ಕಿ ಸಾಯುತ್ತವೆ. ರಜೆಯಲ್ಲಿ ಟಾಸ್ಮೇನಿಯಾಕ್ಕೆ ಹೋದರೆ, ಕತ್ತಲಾದ ಮೇಲೆ ಕಾರು ನಿಧಾನ ಮಾಡಲು ಅಪ್ಪ ಅಮ್ಮನಿಗೆ ನೀವೇ ಹೇಳಿ.