ಮೇರಿ ಪಾರ್ಕರ್ ಫಾಲೆಟ್

ಜನರು ಕೂಡಿ ದುಡಿಯುವೆಡೆಯಲ್ಲಿ ತೀರ್ಮಾನಗಳು ಹೇಗಾಗುತ್ತವೆಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಮೇರಿ ಪಾರ್ಕರ್ ಫಾಲೆಟ್ ಅವರೊಬ್ಬರು. ಇವರು 1868ರಲ್ಲಿ ಅಮೆರಿಕೆಯ ಬಾಸ್ಟನ್ ಸಮೀಪದ ಕ್ವಿನ್ಸಿಯಲ್ಲಿ ಜನಿಸಿ, 1898ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಪದವಿ ಪಡೆದರು. ಬಾಸ್ಟನ್ನಿನ ಶಾಲಾ ಕಟ್ಟಡಗಳನ್ನು ಸಂಜೆಯ ಹೊತ್ತು ನೆರೆಹೊರೆಯವರಿಗಾಗಿ ತೆರೆಯಿಸಲು ಶ್ರಮಿಸಿದರು.

ಭಿನ್ನಾಭಿಪ್ರಾಯವು ಕೇಡಲ್ಲವೆಂಬುದು ಅವರ ಮತ. ಅದು ಬಗೆಹರಿಯುವ ದಾರಿ ಮೂರು: ಒಬ್ಬರು ಗೆಲ್ಲುವುದು, ಇಬ್ಬರೂ ಅಷ್ಟಷ್ಟು ಬಿಟ್ಟುಕೊಡುವುದು, ಇಬ್ಬರ ಇಷ್ಟವೂ ನೆರವೇರುವ ಹೊಸದೊಂದನ್ನು ಕಾಣುವುದು. ಹಾರ್ವರ್ಡ್ ಪುಸ್ತಕಭಂಡಾರದ ಸಣ್ಣ ಕೊಠಡಿಯಲ್ಲಿ ಒಮ್ಮೆ ಇನ್ನೊಬ್ಬ ಓದುಗರಿಗೆ ಕಿಟಕಿ ತೆರೆಯಬೇಕಿತ್ತು; ಇವರಿಗೆ ಮುಚ್ಚಬೇಕಿತ್ತು. ಕಡೆಗೆ ಯಾರೂ ಇಲ್ಲದ ಪಕ್ಕದ ಕೊಠಡಿಯ ಕಿಟಕಿ ತೆರೆದರು. ಆ ಓದುಗರಿಗೆ ಗಾಳಿ ಸಿಕ್ಕಿತು. ಫಾಲೆಟ್ ಅವರ ಮೇಲೆ ನೇರವಾಗಿ ಬೀಸಲಿಲ್ಲ. 1925ರ ಉಪನ್ಯಾಸದಲ್ಲಿ ಅವರು ಇದನ್ನೇ ಉದಾಹರಿಸಿದರು. 1933ರಲ್ಲಿ ತೀರಿಕೊಂಡರು.

ಈ ಪ್ರಸಂಗವನ್ನು ಓದಿದಾಗ ನನಗೆ ಮನೆಯ ನೆನಪಾಯಿತು. ಪರೀಕ್ಷೆ ಮುಗಿದೊಡನೆ ಹೊಲಕ್ಕೆ ಬಾ ಎನ್ನುತ್ತಾರೆ ಅಪ್ಪ, ಎಂ.ಎ. ಓದುತ್ತೇನೆ ಎನ್ನುತ್ತೇನೆ ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಾದದಲ್ಲಿ ಅಪ್ಪನನ್ನು ಗೆಲ್ಲಬಲ್ಲೆ. ಆದರೆ ಅವರಿಗೆ ನಿಜವಾಗಿ ಬೇಕಾದುದೇನೆಂದು ಇದುವರೆಗೂ ಕೇಳಿಲ್ಲ. ಈ ರಜೆಯಲ್ಲಿ ಕೇಳಬೇಕೆಂದಿದ್ದೇನೆ.