ಕುದುರೆ ವ್ಯಾಪಾರಿಯ ಮೊಮ್ಮಗ, ಮೈಸೂರಿನ ದಿವಾನ

ಶಿವಾಜಿನಗರದಿಂದ ಕನ್ನಿಂಗ್‌ಹ್ಯಾಮ್ ರಸ್ತೆಯ ಕಡೆ ಓಡಾಡುವವರಿಗೆ ಅಲಿ ಅಸ್ಕರ್ ರಸ್ತೆ ಗೊತ್ತು. ಆ ಅಸ್ಕರ್ ಯಾರೆಂದು ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಇರಾನಿನ ಶಿರಾಜ್‌ನಿಂದ ಕುದುರೆ ಮಾರಲು ದಂಡು ಪ್ರದೇಶಕ್ಕೆ ಬಂದು ಇಲ್ಲಿಯೇ ನೆಲೆ ನಿಂತ ವ್ಯಾಪಾರಿ ಅವರು. ಅವರ ಮೊಮ್ಮಗನೇ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಇರಾನಿ ಮೂಲದ ಶಿಯಾ ಕುಟುಂಬಗಳು ಊರಿನ ಮುಸ್ಲಿಮರ ನಡುವೆಯೂ ಬೆರಳೆಣಿಕೆಯಷ್ಟಿದ್ದವು. ದಂಡು ಬ್ರಿಟಿಷರ ಕೈಯಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದಾಗಿತ್ತು. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. ಅಜ್ಜ ಗಳಿಸಿದ ಹೆಸರು, ಅಪ್ಪ ಗಳಿಸಿದ ವಿಶ್ವಾಸ, ಎರಡನ್ನೂ ಉಳಿಸಿಕೊಳ್ಳುವ ಹೊಣೆ ಹುಡುಗನ ಹೆಗಲಿಗೆ ಬಿತ್ತು.

ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆದ ಬಾಲಕನ ಜೊತೆ ಓದುವ ಅವಕಾಶ ಮಿರ್ಜಾಗೆ ಸಿಕ್ಕಿತು. ಮಹಾರಾಜರ ಸಹಪಾಠಿ ಎಂದ ಮಾತ್ರಕ್ಕೆ ದೊಡ್ಡ ಕುರ್ಚಿ ತಾನಾಗಿ ಬರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಕೆಲಸ ಶುರು ಮಾಡಿದರು. ಮೆಟ್ಟಿಲು ಮೆಟ್ಟಿಲಾಗಿ ಏರಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾದರು. ಆಗ ಅವರಿಗೆ 42 ವರ್ಷ.

ಅಷ್ಟು ಎತ್ತರಕ್ಕೆ ಹೋದ ಮೇಲಾದರೂ ಇವರು ನಮ್ಮವರೇ ಎಂದು ಎಲ್ಲರೂ ಒಪ್ಪಿದರೇ? ಇಲ್ಲ. 1928ರಲ್ಲಿ ಸುಲ್ತಾನ್‌ಪೇಟೆಯ ಶಾಲೆಯ ಗಣೇಶನ ವಿಗ್ರಹದ ವಿಚಾರಕ್ಕೆ ಬೆಂಗಳೂರಿನಲ್ಲಿ ಗಲಭೆಯಾಯಿತು. ದಿವಾನರ ಧರ್ಮವೇ ಚರ್ಚೆಯ ವಸ್ತುವಾಯಿತು. ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಮಹಾರಾಜರು ಅವರ ಕೈಬಿಡಲಿಲ್ಲ. ಮಿರ್ಜಾ ಹೆಸರನ್ನೂ ನಂಬಿಕೆಯನ್ನೂ ಬದಲಿಸಿಕೊಳ್ಳಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಮುಂದಿನ ವರ್ಷಗಳಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ ಬಂದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರೊಂದಿಗೆ ಸಂಸ್ಥಾನ ಕೈಜೋಡಿಸಿದಾಗ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆ ಹುಟ್ಟಿತು. ಅದೇ ಇಂದಿನ ಎಚ್‌ಎಎಲ್. ಅವರ ಆಡಳಿತ ಕಳಂಕವಿಲ್ಲದ್ದೇನಲ್ಲ. 1938ರ ವಿದುರಾಶ್ವತ್ಥದ ಗೋಲಿಬಾರ್ ನಡೆದದ್ದೂ ಅವರ ಕಾಲದಲ್ಲೇ.

1941ರಲ್ಲಿ ದಿವಾನಗಿರಿ ಬಿಟ್ಟ ಅವರು ಜೈಪುರ, ಹೈದರಾಬಾದ್ ಸಂಸ್ಥಾನಗಳಲ್ಲಿ ಪ್ರಧಾನಿಯಾಗಿ ದುಡಿದರು. ಕೊನೆಯುಸಿರೆಳೆದದ್ದು ಮಾತ್ರ ಹುಟ್ಟಿದ ಬೆಂಗಳೂರಿನಲ್ಲೇ, 1959ರ ಜನವರಿ 5ರಂದು.

ಮನೆಯವರ ನಿರೀಕ್ಷೆ ಒಂದು ಕಡೆ, ನೀನು ಯಾರವನು ಎಂಬ ಊರಿನ ಪ್ರಶ್ನೆ ಇನ್ನೊಂದು ಕಡೆ. ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ಕೆಲಸ ಹುಡುಕುತ್ತಿರುವ ನಮ್ಮಲ್ಲಿ ಅನೇಕರಿಗೆ ಇವೆರಡೂ ಹೊಸತಲ್ಲ. ದಿವಾನರಾದ ಮೇಲೂ ಮಿರ್ಜಾ ಅವರನ್ನು ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೆ ಉತ್ತರ ಸಿಗಲೆಂದು ಕಾಯುತ್ತಾ ಕೂತಿದ್ದರೆ ಆ ಕಾರ್ಖಾನೆಗಳು ಎದ್ದು ನಿಲ್ಲುತ್ತಿರಲಿಲ್ಲ.