ಕಿರಣವೈದ್ಯ ಕ್ಲೋಡಿಯಸ್ ರೆಗೋ

ಗರ್ಭಕಂಠದ ಅರ್ಬುದಕ್ಕೆ, ಅಂದರೆ ಜನಸಾಮಾನ್ಯರು ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಗೆ, ಕಿರಣಚಿಕಿತ್ಸೆ ಪಡೆಯಲೆಂದು ನಮ್ಮ ಕಾಸರಗೋಡು ಸೀಮೆಯಿಂದ ಮಂಗಳೂರಿಗೋ ತಿರುವನಂತಪುರಕ್ಕೋ ಹೋಗುವ ತಾಯಂದಿರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು, ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಬರಬೇಕು ಎಂಬುದು. ಮನೆಯಲ್ಲಿ ಹಸುವನ್ನು ಕರೆಯುವವರಾರು, ಮಕ್ಕಳಿಗೆ ಗಂಜಿ ಬೇಯಿಸುವವರಾರು, ನಿತ್ಯದ ಬಸ್ಸಿನ ಖರ್ಚಿಗೆ ದಾರಿಯೇನು ಎಂಬ ಚಿಂತೆಯಲ್ಲಿ ಆ ತಾಯಿ, ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಬಿಡಬಾರದೆ ಎಂದು ಕೇಳುವುದುಂಟು. ಅದು ಕೇಳತಕ್ಕ ಪ್ರಶ್ನೆಯೇ. ನೂರು ವರ್ಷಗಳ ಹಿಂದೆ ಯೂರೋಪಿನ ದೊಡ್ಡ ದೊಡ್ಡ ವೈದ್ಯರೂ ಅದನ್ನೇ ಕೇಳಿದ್ದರು. ಒಂದೇ ಸಲಕ್ಕೆ ಮುಗಿಸಲು ಯತ್ನಿಸಿಯೂ ಇದ್ದರು. ಅದು ಸಲ್ಲದೆಂದು ತೋರಿಸಿದವರಲ್ಲಿ ಅಗ್ರಗಣ್ಯರು ಫ್ರಾನ್ಸ್ ದೇಶದ ಕ್ಲೋಡಿಯಸ್ ರೆಗೋ. ಅವರಿಗೆ ಆ ವಿಷಯವನ್ನು ಕಲಿಸಿದ್ದು ರೋಗಿಯಲ್ಲ, ಒಂದು ಟಗರು.

ರೆಗೋ ಅವರು 1870ನೆಯ ಇಸವಿಯ ಜನವರಿ 30ರಂದು ರೇಷ್ಮೆ ನೇಯ್ಗೆಗೆ ಹೆಸರಾದ ಲಿಯೋನ್ ನಗರದಲ್ಲಿ ಜನಿಸಿದರು. ರೋಮಿನ ಚಕ್ರವರ್ತಿ ಕ್ಲೋಡಿಯಸ್ ಹುಟ್ಟಿದ್ದೂ ಅದೇ ಊರಿನಲ್ಲಿ. ಹೆಸರಿನ ಈ ಹೊಂದಿಕೆ ನೆನಪಿಡಲು ಅನುಕೂಲ. ಅಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ, ಜೋಸೆಫ್ ರನೋ ಎಂಬ ಪ್ರಸಿದ್ಧ ಅಂಗಾಂಶಶಾಸ್ತ್ರಜ್ಞರ ಬಳಿ ಶಿಷ್ಯವೃತ್ತಿ ಮಾಡಿದರು. ಅಂಗಾಂಶಶಾಸ್ತ್ರವೆಂದರೆ ದೇಹದ ತುಣುಕುಗಳನ್ನು ತೆಳುವಾಗಿ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವ ವಿದ್ಯೆ. ಪುರುಷಬೀಜವು ಹುಟ್ಟಿ ಬೆಳೆಯುವ ಕ್ರಮವೇ ರೆಗೋ ಅವರ ಅಭ್ಯಾಸದ ಮುಖ್ಯ ವಿಷಯವಾಗಿತ್ತು. ಅವರು ಅದರಲ್ಲಿಯೇ ಉಳಿದಿದ್ದರೆ ಕೆಲವೇ ಪಂಡಿತರು ಬಲ್ಲ ಪ್ರಾಧ್ಯಾಪಕರಾಗಿ ಬಾಳುತ್ತಿದ್ದರು.

ಆದರೆ ಕಾಲ ಬೇರೆಯಾಗಿತ್ತು. 1895ರಲ್ಲಿ ರಂಟ್‌ಗೆನ್ ಅವರು ಕ್ಷ-ಕಿರಣವನ್ನು ಕಂಡರು. 1898ರ ನವೆಂಬರಿನಲ್ಲಿ ವಿಯೆನ್ನಾದ ವರ್ಟ್‌ಹೈಮ್ ಅವರು ಗರ್ಭಕೋಶವನ್ನೂ ಸುತ್ತಣ ಅಂಗಾಂಶವನ್ನೂ ಒಟ್ಟಾಗಿ ತೆಗೆಯುವ ಮಹಾ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಅದರ ಮರುತಿಂಗಳೇ ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಎಂಬ ಹೊಸ ಧಾತುವನ್ನು ಪ್ರಕಟಿಸಿದರು. ಗರ್ಭಕಂಠದ ಅರ್ಬುದಕ್ಕೆ ಎರಡು ದಾರಿಗಳು ಹೀಗೆ ಒಂದೇ ಚಳಿಗಾಲದಲ್ಲಿ ತೆರೆದವು. ವರ್ಟ್‌ಹೈಮರ ಮೊದಲ 500 ರೋಗಿಗಳಲ್ಲಿ ಸುಮಾರು ಐವರಿಗೊಬ್ಬರು ಶಸ್ತ್ರಕ್ರಿಯೆಯ ಆಘಾತದಿಂದಲೇ ತೀರಿಕೊಂಡರು. ರೋಗ ಹಬ್ಬಿದ ಮೇಲೆ ಬಂದ ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ಸಂಕೋಚದಿಂದ ರಕ್ತಸ್ರಾವವನ್ನು ಮುಚ್ಚಿಟ್ಟುಕೊಂಡು ತಡವಾಗಿ ಬರುವವರು ಎಲ್ಲ ದೇಶಗಳಲ್ಲಿಯೂ ಹೆಚ್ಚು. 1903ರಲ್ಲಿಯೇ ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ಗರ್ಭಕಂಠದ ರೋಗಕ್ಕೆ ರೇಡಿಯಂ ಇರಿಸಿ ನೋಡಿದ್ದರು. ಆದರೆ ಎಷ್ಟು ಇಡಬೇಕು, ಎಷ್ಟು ಹೊತ್ತು ಇಡಬೇಕು ಎಂಬುದನ್ನು ಬಲ್ಲವರಿರಲಿಲ್ಲ. ಕಡಿಮೆಯಾದರೆ ರೋಗ ಉಳಿಯುತ್ತಿತ್ತು, ಹೆಚ್ಚಾದರೆ ಮೂತ್ರಕೋಶವೂ ಗುದನಾಳವೂ ಸುಟ್ಟು ತೂತು ಬೀಳುತ್ತಿದ್ದವು.

1906ರ ಸುಮಾರಿಗೆ ರೆಗೋ ಅವರು ತಮಗೆ ಚಿರಪರಿಚಿತವಾದ ವೃಷಣದ ಮೇಲೆಯೇ ಕ್ಷ-ಕಿರಣವನ್ನು ಹಾಯಿಸಿ ನೋಡತೊಡಗಿದರು. ಸೂಕ್ಷ್ಮದರ್ಶಕ ಬಲ್ಲವರ ಕೈಗೆ ಕಿರಣ ಬಂದುದೇ ದೊಡ್ಡ ಭಾಗ್ಯವೆನ್ನಬೇಕು. ಎಡೆಬಿಡದೆ ವಿಭಜನೆಗೊಳ್ಳುವ ಮೂಲ ಬೀಜಕೋಶಗಳು ಕಿರಣಕ್ಕೆ ಬೇಗನೆ ಬಲಿಯಾಗುತ್ತವೆ. ಬಲಿತ ಬೀಜಗಳೂ ಅವನ್ನು ಪೋಷಿಸುವ ಕೋಶಗಳೂ ತಾಳಿಕೊಳ್ಳುತ್ತವೆ ಎಂಬುದನ್ನು ಅವರು ಕಂಡರು. ಬೊರ್ದೋ ನಗರದಲ್ಲಿ ಬೆರ್ಗೋನಿಯೇ ಮತ್ತು ತ್ರಿಬೊಂದೋ ಎಂಬಿಬ್ಬರು ಅದೇ ವರ್ಷ, ವಿಭಜನೆ ಹೆಚ್ಚಿದಷ್ಟೂ ಕೋಶವು ಕಿರಣಕ್ಕೆ ಹೆಚ್ಚು ಸೂಕ್ಷ್ಮ ಎಂಬ ನಿಯಮವನ್ನು ಸಾರಿದರು. ಅರ್ಬುದದ ಕೋಶವೂ ಅಳತೆಯಿಲ್ಲದೆ ವಿಭಜನೆಗೊಳ್ಳುವ ಜಾತಿಯದೇ ಆದುದರಿಂದ, ವೃಷಣವನ್ನು ಅರ್ಬುದದ ಪ್ರತಿರೂಪವಾಗಿ ಭಾವಿಸಿ ಮುಂದುವರಿಯಲು ರೆಗೋ ಧೈರ್ಯಮಾಡಿದರು.

ಇಲ್ಲಿ ಬಂದದ್ದು ಟಗರು. ಟಗರನ್ನು ಒಂದೇ ಸಲದ ಕಿರಣದಿಂದ ಪೂರ್ಣವಾಗಿ ಬೀಜಹೀನವಾಗಿಸಹೊರಟರೆ ವೃಷಣಚೀಲದ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು. ಕಿರಣವನ್ನು ಹಲವು ಸರತಿಗಳಾಗಿ ವಿಂಗಡಿಸಿ, ನಡುನಡುವೆ ದಿನಗಳ ಅಂತರವಿಟ್ಟು ಕೊಟ್ಟಾಗಲಾದರೋ ಟಗರು ಶಾಶ್ವತವಾಗಿ ಬೀಜಹೀನವಾಯಿತು, ಚರ್ಮಕ್ಕೆ ಹಾನಿ ತಟ್ಟಲಿಲ್ಲ. 1911ರಲ್ಲಿ ರೆಗೋ ಅವರೂ ಅವರ ಸಹೋದ್ಯೋಗಿ ನೋಜಿಯೇ ಅವರೂ ಇದನ್ನು ಪ್ರಕಟಿಸಿದರು. ರೆಗೋ ಕೊಟ್ಟ ವಿವರಣೆ ಸರಳವಾಗಿದೆ. ಬೀಜಕೋಶಗಳೆಲ್ಲ ಒಂದೇ ಗಳಿಗೆಯಲ್ಲಿ ವಿಭಜನೆಯ ಸೂಕ್ಷ್ಮಸ್ಥಿತಿಯಲ್ಲಿರುವುದಿಲ್ಲ. ಇಂದು ತಪ್ಪಿಸಿಕೊಂಡದ್ದು ನಾಳೆ ಅಥವಾ ನಾಡಿದ್ದು ಸಿಕ್ಕಿಬೀಳುತ್ತದೆ. ಚರ್ಮಕ್ಕೋ ಆ ಅವಧಿಯಲ್ಲಿ ಚೇತರಿಸಿಕೊಳ್ಳಲು ಬಿಡುವು ದೊರೆಯುತ್ತದೆ. ಪ್ರತಿ ಅರ್ಬುದವೂ ವೃಷಣದಂತೆ ವರ್ತಿಸುವುದಿಲ್ಲವೆಂದೂ, ಆರೋಗ್ಯವಂತ ಕೋಶಗಳು ಗಾಯವನ್ನು ತಾವೇ ದುರಸ್ತಿ ಮಾಡಿಕೊಳ್ಳುವುದು ಮುಖ್ಯ ಕಾರಣಗಳಲ್ಲೊಂದೆಂದೂ ಮುಂದಿನ ವಿಜ್ಞಾನಿಗಳು ತಿಳಿಸಿದ್ದಾರೆ. ಉಪಮಾನ ಪೂರ್ತಿ ಹೊಂದದಿದ್ದರೂ ಫಲ ಸರಿಯಾಗಿಯೇ ಬಂದಿತು. ವಿಜ್ಞಾನದಲ್ಲಿ ಇಂತಹುದು ನಾವೆಣಿಸುವುದಕ್ಕಿಂತ ಹೆಚ್ಚು.

ಇಷ್ಟರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯವೂ ಪಾಶ್ಚರ್ ಸಂಸ್ಥೆಯೂ ಕೂಡಿ ರೇಡಿಯಂ ಸಂಸ್ಥೆಯೊಂದನ್ನು ಕಟ್ಟಲು ನಿಶ್ಚಯಿಸಿದ್ದವು. ಭೌತ-ರಸಾಯನಗಳ ವಿಭಾಗ ಮೇರಿ ಕ್ಯೂರಿ ಅವರದು. ಜೀವಶಾಸ್ತ್ರ ಮತ್ತು ವೈದ್ಯದ ವಿಭಾಗಕ್ಕೆ ರೆಗೋ ಅವರನ್ನು ಕರೆದರು. ಎರಡು ಕಟ್ಟಡಗಳು, ನಡುವೆ ಒಂದು ತೋಟ. ಕಟ್ಟಡ ಸಿದ್ಧವಾದ 1914ರ ಬೇಸಗೆಯಲ್ಲಿಯೇ ಮಹಾಯುದ್ಧ ಸಿಡಿಯಿತು. ರೆಗೋ ಅವರು ಸೇನೆಯ ವೈದ್ಯರಾಗಿ ಹೋದರು. 1917ರಲ್ಲಿ ರೀಮ್ಸ್ ನಗರದ ಬಳಿಯ ಬುಲೆಜ್‌ನಲ್ಲಿ ಯುದ್ಧಗಾಯಗಳ ಚಿಕಿತ್ಸೆಯನ್ನೂ ಬೋಧನೆಯನ್ನೂ ಒಟ್ಟುಗೂಡಿಸಿದ ಆಸ್ಪತ್ರೆಯನ್ನು ನಡೆಸಿದರು. ಶಸ್ತ್ರವೈದ್ಯರು, ಪ್ರಯೋಗಶಾಲೆಯವರು, ಕ್ಷ-ಕಿರಣದವರು ಒಂದೇ ರೋಗಿಯ ಸುತ್ತ ಕುಳಿತು ಆಲೋಚಿಸುವ ಪದ್ಧತಿ ಅಲ್ಲಿ ನಡೆಯಿತು. ಯುದ್ಧ ಮುಗಿದ ಮೇಲೆ ಅದನ್ನೇ ಅವರು ಅರ್ಬುದದ ಚಿಕಿತ್ಸೆಗೆ ತಂದರೆಂದು ನನಗೆ ತೋರುತ್ತದೆ.

1919ರಲ್ಲಿ ಪ್ಯಾರಿಸ್ಸಿಗೆ ಮರಳಿದಾಗ ಸಾಧನ ಸಂಪತ್ತು ಅಲ್ಪ. ಪಾಶ್ಚರ್ ಆಸ್ಪತ್ರೆಯಲ್ಲಿ ದೊರೆತ ಕೆಲವು ಹಾಸಿಗೆಗಳಲ್ಲಿ ಕೆಲಸ ಆರಂಭವಾಯಿತು. 1920ರಲ್ಲಿ ಆಂರಿ ದ ರಾತ್‌ಶೀಲ್ಡ್ ಅವರ ದಾನದಿಂದ ಕ್ಯೂರಿ ಪ್ರತಿಷ್ಠಾನ ಸ್ಥಾಪನೆಯಾಗಿ ಚಿಕಿತ್ಸೆಗೆ ಬೆನ್ನೆಲುಬು ದೊರೆಯಿತು. ಲಿಯೋನಿನಿಂದ ಜೊತೆಗೆ ಬಂದಿದ್ದ ಅಂತ್ವಾನ್ ಲಕಸಾನ್ ಅವರೂ ಕ್ಷ-ಕಿರಣದ ಆಂರಿ ಕುತಾರ್ ಅವರೂ ರೆಗೋ ಅವರ ಎರಡು ಕೈಗಳಾದರು.

ಗರ್ಭಕಂಠಕ್ಕೆಂದು ಇಲ್ಲಿ ರೂಪುಗೊಂಡ ಕ್ರಮವೇ ವೈದ್ಯಗ್ರಂಥಗಳಲ್ಲಿ ಪ್ಯಾರಿಸ್ ಪದ್ಧತಿ ಎಂದು ಹೆಸರಾಗಿದೆ. ರೇಡಿಯಂ ತುಂಬಿದ ಸಣ್ಣ ಪ್ಲಾಟಿನಂ ನಳಿಕೆಗಳನ್ನು ರಬ್ಬರಿನ ಕೊಳವೆಯಲ್ಲಿ ಸಾಲಾಗಿರಿಸಿ ಗರ್ಭಕೋಶದೊಳಗೆ ಸೇರಿಸುವುದು. ಗರ್ಭಕಂಠದ ಎಡಬಲಗಳಲ್ಲಿ, ಯೋನಿಯ ಮೇಲ್ತುದಿಯಲ್ಲಿ, ಬಿರಡೆಯ ತುಂಡುಗಳೊಳಗೆ ಇನ್ನೆರಡು ನಳಿಕೆಗಳನ್ನಿಡುವುದು. ಈ ಎರಡು ಬಿರಡೆಗಳನ್ನು ಒಂದು ಸ್ಪ್ರಿಂಗು ಅಗಲಿಸಿ ಹಿಡಿಯುತ್ತಿತ್ತು. ಕಿರಣವು ಪಕ್ಕದ ಅಂಗಾಂಶದತ್ತಲೂ ತಲುಪಬೇಕಲ್ಲವೆ. ಪ್ಲಾಟಿನಂ ಗೋಡೆಯು ಚರ್ಮವನ್ನು ಸುಡುವ ಮೃದು ಕಿರಣಗಳನ್ನು ತಡೆದು ಆಳಕ್ಕೆ ಹೋಗುವ ಗಾಮಾ ಕಿರಣಗಳನ್ನು ಮಾತ್ರ ಬಿಡುತ್ತಿತ್ತು. ಪ್ರತಿದಿನ ಬಿರಡೆಗಳನ್ನು ತೆಗೆದು, ತೊಳೆದು, ಮತ್ತೆ ಇರಿಸುತ್ತಿದ್ದರು. ರೇಡಿಯಂನ ಪ್ರಮಾಣ ಅಲ್ಪ, ಅವಧಿ ದೀರ್ಘ: ಸುಮಾರು ಐದಾರು ದಿನ ರೋಗಿ ಹಾಸಿಗೆಯಲ್ಲೇ ಇರಬೇಕಾಗಿತ್ತು. ಒಟ್ಟು ಮೊತ್ತ 7,000ದಿಂದ 8,000 ಮಿಲಿಗ್ರಾಂ-ಗಂಟೆಗಳಷ್ಟು. ಅಂದರೆ ಎಷ್ಟು ಮಿಲಿಗ್ರಾಂ ರೇಡಿಯಂ ಎಷ್ಟು ಗಂಟೆ ಇತ್ತು ಎಂಬುದರ ಗುಣಾಕಾರ. ಸ್ಟಾಕ್‌ಹೋಮಿನ ವೈದ್ಯರು ಹೆಚ್ಚು ರೇಡಿಯಂ ಬಳಸಿ, ಪ್ರತಿ ಸಲವೂ ಒಂದು ದಿನದಷ್ಟು ಇಟ್ಟು, ವಾರಗಳ ಅಂತರದಲ್ಲಿ ಎರಡು ಮೂರು ಸಲ ಮಾಡುತ್ತಿದ್ದರು. ಇವೆರಡರ ನಡುವೆ ಯಾವುದು ಮೇಲೆಂಬ ವಾದ ಬಹುಕಾಲ ನಡೆಯಿತು. 1938ರಲ್ಲಿ ಮ್ಯಾಂಚೆಸ್ಟರಿನ ಮಾರ್ಗರೆಟ್ ಟಾಡ್ ಮತ್ತು ಮೆರೆಡಿತ್ ಅವರು ರೂಪಿಸಿದ ಕ್ರಮ ಪ್ಯಾರಿಸ್ ಪದ್ಧತಿಯ ಸಂತಾನವೇ.

ಆದರೆ ಹೆಚ್ಚು ಕಠಿನವಾದ ವಿರೋಧ ಜರ್ಮನಿಯಿಂದ ಬಂದಿತ್ತು. ಎರ್ಲಾಂಗೆನ್ನಿನ ಜೈಟ್ಸ್ ಮತ್ತು ವಿಂಟ್ಸ್ ಎಂಬ ಸ್ತ್ರೀರೋಗ ವೈದ್ಯರು, ಅರ್ಬುದವನ್ನು ಕೊಲ್ಲಲು ಒಂದು ನಿಶ್ಚಿತ ಪ್ರಮಾಣವಿದೆ, ಅದನ್ನು ಒಂದೇ ಸರತಿಯಲ್ಲಿ ಕೊಡುವುದೇ ಲೇಸು, ಬಿಡಿಬಿಡಿಯಾಗಿ ಕೊಟ್ಟರೆ ರೋಗಕ್ಕೆ ಚೇತರಿಕೆಯ ಅವಕಾಶ ಕೊಟ್ಟಂತೆ ಎಂದು ವಾದಿಸುತ್ತಿದ್ದರು. ಕೇಳುವುದಕ್ಕೆ ಯುಕ್ತಿಯುಕ್ತವಾದ ವಾದ. ಇದಕ್ಕೆ ಉತ್ತರ ದೊರೆತದ್ದು ತರ್ಕದಿಂದಲ್ಲ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ರೆಗೋ ಮತ್ತು ಕುತಾರ್ ಅವರು, ಗಂಟಲಿನ ಮುಂದುವರಿದ ಅರ್ಬುದವು ದಿನದಿನದ ಅಲ್ಪ ಕಿರಣದಿಂದ ಘೋರವಾದ ಸುಡುಗಾಯಗಳಿಲ್ಲದೆ ವಾಸಿಯಾದ ರೋಗಿಗಳ ವೃತ್ತಾಂತವನ್ನು ಮುಂದಿಟ್ಟರು. 1927ರಲ್ಲಿ ಫೆರೂ ಅವರೊಡನೆ ಮಾಡಿದ ಪ್ರಯೋಗದಿಂದ, ವಿಂಗಡಿಸಿ ಕೊಟ್ಟಾಗ ಚರ್ಮದ ಮೇಲಿನ ಪರಿಣಾಮ ಇಳಿಯುತ್ತದೆ, ವೃಷಣದ ಮೇಲಿನ ಪರಿಣಾಮ ಉಳಿಯುತ್ತದೆ ಎಂಬುದನ್ನು ರೆಗೋ ಮತ್ತೊಮ್ಮೆ ಸ್ಥಿರಪಡಿಸಿದರು.

ರೋಗಿ ಮನೆಗೆ ಹೋದೊಡನೆ ಕೆಲಸ ಮುಗಿಯಿತೆಂದು ರೆಗೋ ಎಣಿಸಲಿಲ್ಲ. ಐದು ವರ್ಷ ಕಳೆದ ಮೇಲೆ ಬದುಕಿರುವವರೆಷ್ಟು ಮಂದಿ ಎಂಬ ಲೆಕ್ಕವೇ ಲೆಕ್ಕ. ರಾಷ್ಟ್ರಸಂಘವು 1920ರ ದಶಕದ ಕೊನೆಯಲ್ಲಿ ಗರ್ಭಕಂಠದ ಅರ್ಬುದವನ್ನು ಕುರಿತು ಸಮಿತಿಯೊಂದನ್ನು ನೇಮಿಸಿದಾಗ ಪ್ಯಾರಿಸ್, ಸ್ಟಾಕ್‌ಹೋಮ್, ಮ್ಯೂನಿಕ್ ನಗರಗಳ ಅನುಭವವನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವ ಕಾರ್ಯದಲ್ಲಿ ರೆಗೋ ಭಾಗಿಯಾದರು. ರೋಗವು ಎಷ್ಟರಮಟ್ಟಿಗೆ ಹಬ್ಬಿದೆಯೆಂಬುದನ್ನು ನಾಲ್ಕು ಹಂತಗಳಾಗಿ ಹೇಳುವ ಕ್ರಮ 1929ರಲ್ಲಿ ಅಲ್ಲಿಂದ ಹೊರಟಿತು. ಇಂದಿಗೂ ರೋಗಿಯ ಚೀಟಿಯಲ್ಲಿ ವೈದ್ಯರು ಬರೆಯುವ ಹಂತದ ಅಂಕೆ ಬಹಳ ಮಾರ್ಪಾಡುಗಳನ್ನು ಹೊಂದಿಯೂ ಅದೇ ವಂಶದ್ದು. ಶಸ್ತ್ರವೈದ್ಯರು ಕೈಬಿಟ್ಟ ಹೆಂಗಸರಲ್ಲಿಯೂ ಒಂದು ಪಾಲು ಐದು ವರ್ಷವನ್ನು ದಾಟಿ ಬದುಕಿದುದು ಈ ಲೆಕ್ಕಗಳಿಂದ ಜಗತ್ತಿಗೆ ತಿಳಿಯಿತು.

ರೇಡಿಯಂ ಮುಟ್ಟಿದವರಿಗೆ ಅದು ಕರುಣೆ ತೋರಲಿಲ್ಲ. ತೋಟದಾಚೆಯ ಕಟ್ಟಡದ ಮೇರಿ ಕ್ಯೂರಿ ಅವರು 1934ರ ಜುಲೈ 4ರಂದು ರಕ್ತ ಬತ್ತುವ ವ್ಯಾಧಿಯಿಂದ ತೀರಿಕೊಂಡರು. ಅಪಾಯವನ್ನರಿತ ಮೇಲೆ ಆಸ್ಪತ್ರೆಗಳು ಕ್ರಮೇಣ ರೇಡಿಯಂ ನಳಿಕೆಗಳನ್ನು ಕೈಬಿಟ್ಟು ಸೀಸಿಯಂ, ಇರಿಡಿಯಂ, ಕೋಬಾಲ್ಟುಗಳಿಗೆ ತಿರುಗಿದವು. ಐದಾರು ದಿನ ಒಳಗಿರುತ್ತಿದ್ದ ಸಾಧನ ಈಗ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. ಆದರೂ ಅದನ್ನು ಒಂದೇ ಸಲಕ್ಕೆ ಮುಗಿಸದೆ ಹಲವು ಸರತಿಗಳಲ್ಲಿ ಕೊಡುತ್ತಾರೆ. ಹೊರಗಿನಿಂದ ಕೊಡುವ ಕಿರಣವಂತೂ ವಾರಗಟ್ಟಲೆ ನಡೆಯುತ್ತದೆ. ಹಸುವಿನ ಚಿಂತೆಯ ಆ ತಾಯಿಗೆ ಲಿಯೋನಿನ ಟಗರಿನ ಕಥೆಯನ್ನು ಹೇಳಲು ಆಸ್ಪತ್ರೆಯಲ್ಲಿ ಯಾರಿಗೂ ಬಿಡುವಿಲ್ಲ. ಅರ್ಧಕ್ಕೇ ನಿಲ್ಲಿಸಿ ಊರಿಗೆ ಬಂದುಬಿಟ್ಟವರಿಗೆ ಕಿರಣದ ಕಷ್ಟ ಉಳಿಯುತ್ತದೆ, ಫಲ ಉಳಿಯುವುದಿಲ್ಲ; ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

1937ರಲ್ಲಿ ರೆಗೋ ಅವರು ನಿವೃತ್ತರಾಗಿ ಸಂಸ್ಥೆಯ ಹೊಣೆಯನ್ನು ಲಕಸಾನರಿಗೆ ಒಪ್ಪಿಸಿದರು. ತಮ್ಮ ಹುಟ್ಟೂರಿನ ಸಮೀಪದ, ಸೋನ್ ನದಿಯ ದಂಡೆಯ ಕೂಜೋಂ ಎಂಬ ಊರಿನಲ್ಲಿ ನೆಲಸಿದರು. ಫ್ರಾನ್ಸ್ ದೇಶ ಜರ್ಮನಿಗೆ ಸೋತ ವರ್ಷದ ಕೊನೆಯಲ್ಲಿ, 1940ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ್ದ ಅವರು ಅಲ್ಲಿ ನಿಧನರಾದರು. ತುಲೂಸ್ ನಗರದ ಅರ್ಬುದ ಚಿಕಿತ್ಸಾ ಸಂಸ್ಥೆಗೆ ಅವರ ಹೆಸರನ್ನಿಟ್ಟಿದ್ದಾರೆ.